ಒಂದೇ ಸರ್ವರ್, ಐದು ವಿಎಂ: ಪ್ರೊಸೆಸರ್ ಕೋರ್ ಹಂಚುವ ಸರಿಯಾದ ಕ್ರಮ

ಎಂಟು ಕೋರ್‌ಗಳ ಸರ್ವರ್, ಅದರ ಮೇಲೆ ಐದು ವರ್ಚುಯಲ್ ಮೆಷಿನ್ (ವಿಎಂ, ಅಂದರೆ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ಕಂಪ್ಯೂಟರ್), ಐದಕ್ಕೂ ಎಂಟೆಂಟು ಕೋರ್. ಸುಗ್ಗಿ ಬರುವ ತನಕ ಇದು ಹೇಗೋ ನಡೆಯುತ್ತದೆ. ನವೆಂಬರ್‌ನಲ್ಲಿ ಭತ್ತದ ಲಾರಿಗಳು ಮಿಲ್ಲಿನ ಗೇಟಿನಲ್ಲಿ ಸಾಲುಗಟ್ಟಿದಾಗ ಕಾಟಾ ಚೀಟಿ ಹೊರಗೆ ಬರಲು ಅರ್ಧ ನಿಮಿಷ ಹಿಡಿಯುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ: ಕಾಟಾ ವಿಎಂಗೆ ಇನ್ನೂ ನಾಲ್ಕು ಕೋರ್ ಏರಿಸುವುದು. ಅದು ಮೊದಲಿಗಿಂತ ನಿಧಾನವಾಗುತ್ತದೆ.

ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲು, ಬಳ್ಳಾರಿಯ ಜೀನ್ಸ್ ಘಟಕ, ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆ, ಯಾವುದೇ ಇರಲಿ, ಲೆಕ್ಕಪತ್ರ, ಕಾಟಾ, ಸಿಸಿಟಿವಿ, ಫೈಲ್ ಸರ್ವರ್, ಫೈರ್‌ವಾಲ್ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ನಡೆಸುವವರಿಗೆ ಈ ಮಾರ್ಗದರ್ಶಿ. ಹಂತಗಳನ್ನು ವಿಎಂಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಎಂಬ ಸಾಫ್ಟ್‌ವೇರ್‌ಗೆ ಹೊಂದಿಸಿ ಬರೆದಿದೆ. ಅಂಥದೇ ಇನ್ನೊಂದಾದ ಇಎಸ್‌ಎಕ್ಸ್‌ಐ ಬಳಸುವವರಿಗೆ ಬೇಕಾದ ಅಳತೆ 8ನೇ ಹಂತದಲ್ಲಿದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಪಿನ್ನಿಂಗ್‌ನಿಂದ (ವಿಎಂ ಅನ್ನು ಇಂತಿಂಥ ಕೋರ್‌ಗಳಿಗೇ ಕಟ್ಟಿಹಾಕುವುದರಿಂದ) ಶುರು ಮಾಡಿ ಲೆಕ್ಕಕ್ಕೆ ಬರುವವರೇ ಹೆಚ್ಚಾಗಿ ಎಡವುವುದು.

ಕೋರ್ ಹೆಚ್ಚಾದರೆ ನಿಧಾನವಾಗುವುದೇಕೆ

ಗೋದಾಮಿನಲ್ಲಿ ಎಂಟು ಹಮಾಲರು ಕೆಲಸಕ್ಕಿದ್ದಾರೆ, ಕೀಲಿ ಒಬ್ಬನ ಸೊಂಟದಲ್ಲಿದೆ ಎಂದುಕೊಳ್ಳಿ. ಅವನನ್ನು ನಡುವೆಯೇ ಬೇರೆ ಲಾರಿಗೆ ಕರೆದೊಯ್ದರೆ ಉಳಿದ ಏಳು ಜನ ಬಾಗಿಲ ಮುಂದೆ ನಿಂತಿರುತ್ತಾರೆ, ಕೂಲಿ ಮಾತ್ರ ಏರುತ್ತಿರುತ್ತದೆ. ವಿಎಂ ಒಳಗೂ ಆಗುವುದು ಇದೇ. ಒಂದು ವಿಸಿಪಿಯು (ವಿಎಂಗೆ ಕೊಟ್ಟ ಕೋರ್) ಲಾಕ್ ಹಿಡಿದಿರುವಾಗಲೇ ಹೋಸ್ಟ್, ಅಂದರೆ ವಿಎಂಗಳನ್ನು ಹೊತ್ತ ಸರ್ವರ್, ಅದನ್ನು ಕೋರ್‌ನಿಂದ ಇಳಿಸಿ ಬೇರೆ ವಿಎಂ ಹತ್ತಿಸುತ್ತದೆ. ಉಳಿದ ವಿಸಿಪಿಯುಗಳು ಆ ಲಾಕ್‌ಗಾಗಿ ಸುಮ್ಮನೆ ಸುತ್ತುತ್ತ ಕೋರ್ ಸಮಯ ತಿನ್ನುತ್ತವೆ. ವಿಸಿಪಿಯು ಹೆಚ್ಚಿದಷ್ಟೂ ಹೀಗಾಗುವ ಸಂದರ್ಭ ಹೆಚ್ಚು. ಆದ್ದರಿಂದ ಕಡಿಮೆ ಕೊಟ್ಟು, ಅಳೆದು, ಆಮೇಲೆ ಏರಿಸಬೇಕು.

ಬೇಕಾಗುವ ಸಾಮಾನು

ಪ್ರಾಕ್ಸ್‌ಮಾಕ್ಸ್‌ನ ವೆಬ್ ಪುಟಕ್ಕೆ ಅಡ್ಮಿನ್ ಲಾಗಿನ್, ಹೋಸ್ಟ್‌ನ ಶೆಲ್ (ಆದೇಶ ಟೈಪ್ ಮಾಡುವ ಕಿಟಕಿ), ಒಂದು ಎಕ್ಸೆಲ್ ಹಾಳೆ. ಜೊತೆಗೆ ಪ್ರತಿ ವಿಎಂ ಅನ್ನು ಒಮ್ಮೆ ಪೂರ್ತಿ ಆರಿಸಿ ಹೊತ್ತಿಸಲು ಹತ್ತು ನಿಮಿಷದ ಬಿಡುವು. ಸುಗ್ಗಿಯ ಹಗಲಿನಲ್ಲಿ ಇದಕ್ಕೆ ಕೈ ಹಾಕಬೇಡಿ.

ಹಂತ 1: ನಿಜವಾದ ಕೋರ್ ಎಷ್ಟು, ಎಣಿಸಿ

ಹೋಸ್ಟ್‌ನ ಶೆಲ್ ತೆರೆದು ಎಲ್‌ಎಸ್‌ಸಿಪಿಯು (lscpu) ಆದೇಶ ಕೊಡಿ. ಅಲ್ಲಿ ನಾಲ್ಕು ಸಾಲು ನೋಡಬೇಕು: ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಎಷ್ಟು, ಪ್ರತಿ ಸಾಕೆಟ್‌ಗೆ ಕೋರ್ ಎಷ್ಟು, ಪ್ರತಿ ಕೋರ್‌ಗೆ ಥ್ರೆಡ್ (ಕೋರ್ ಒಟ್ಟಿಗೆ ನಡೆಸುವ ಕೆಲಸದ ಸಾಲು) ಎಷ್ಟು, ನುಮಾ ನೋಡ್ (6ನೇ ಹಂತದಲ್ಲಿ ವಿವರಿಸಿದೆ) ಎಷ್ಟು. ಪ್ರಾಕ್ಸ್‌ಮಾಕ್ಸ್‌ನ ಸಾರಾಂಶ ಪುಟದಲ್ಲಿ "16 ಸಿಪಿಯು" ಎಂದಿದ್ದರೆ ಅದು ಥ್ರೆಡ್‌ಗಳ ಎಣಿಕೆ. ಎಂಟು ಕೋರ್, ಪ್ರತಿ ಕೋರ್‌ಗೆ ಎರಡು ಥ್ರೆಡ್, ಹಾಗಾಗಿ 16.

ಮೊದಲ ತಪ್ಪು ಇಲ್ಲೇ ಹುಟ್ಟುತ್ತದೆ. ಒಂದೇ ಕೋರ್‌ನ ಎರಡು ಥ್ರೆಡ್‌ಗಳು ಅದೇ ಲೆಕ್ಕದ ಘಟಕಗಳನ್ನೂ ಅದೇ ಕ್ಯಾಶ್ ಅನ್ನೂ ಹಂಚಿಕೊಳ್ಳುತ್ತವೆ. ಎರಡೂ ಒಟ್ಟಿಗೆ ದುಡಿದರೆ ಕೆಲಸ ಸ್ವಲ್ಪ ಹೆಚ್ಚುತ್ತದೆ, ಎರಡರಷ್ಟು ಆಗುವುದಿಲ್ಲ. ಭಾರದ ಕೆಲಸಕ್ಕೆ ಹಂಚುವಾಗ ಎಂಟು ಎಂದೇ ಲೆಕ್ಕ ಹಿಡಿಯಿರಿ, ಉಳಿದ ಥ್ರೆಡ್‌ಗಳನ್ನು ಉಸಿರಾಡುವ ಜಾಗ ಎಂದು ಬಿಡಿ.

ಸರ್ವರ್ ಎಂದು ಡೆಸ್ಕ್‌ಟಾಪ್ ಪ್ರೊಸೆಸರ್ ಇಟ್ಟುಕೊಂಡವರು ಇನ್ನೊಂದು ವಿಷಯ ನೋಡಬೇಕು. ಇಂಟೆಲ್‌ನ 12ನೇ ತಲೆಮಾರಿನಿಂದ ಈಚೆಗೆ ಹಲವು ಮಾದರಿಗಳಲ್ಲಿ ಕೋರ್‌ಗಳು ಎರಡು ಜಾತಿಯವು. ಐ5-13500 ಎಂದರೆ 14 ಕೋರ್, ಆದರೆ ಅದರಲ್ಲಿ ದೊಡ್ಡವು 6, ಚಿಕ್ಕವು 8. ಥ್ರೆಡ್ ಒಟ್ಟು 20. ಕಾಟಾ ವಿಎಂ ಒಮ್ಮೆ ದೊಡ್ಡ ಕೋರ್ ಮೇಲೆ, ಒಮ್ಮೆ ಚಿಕ್ಕದರ ಮೇಲೆ ಓಡಿದರೆ ಅದೇ ಚೀಟಿ ಒಮ್ಮೆ ಚುರುಕಾಗಿ, ಒಮ್ಮೆ ತಡವಾಗಿ ಬರುತ್ತದೆ. ಇಂಥ ಯಂತ್ರದಲ್ಲಿ ಮಾತ್ರ 7ನೇ ಹಂತದ ಪಿನ್ನಿಂಗ್ ಬಹುತೇಕ ಬೇಕೇ ಬೇಕು.

ಹಂತ 2: ಹೋಸ್ಟ್‌ನ ಪಾಲು ಮೊದಲು ಎತ್ತಿಡಿ

ಡಿಸ್ಕ್ ಓದು-ಬರಹ, ನೆಟ್‌ವರ್ಕ್, ಬ್ಯಾಕಪ್‌ನ ಕಂಪ್ರೆಶನ್ ಎಲ್ಲಕ್ಕೂ ಹೋಸ್ಟ್‌ಗೆ ಕೋರ್ ಬೇಕು. ಎಂಟು ಕೋರ್ ಯಂತ್ರದಲ್ಲಿ ಒಂದು ಪೂರ್ತಿ ಕೋರ್, ಅಂದರೆ ಎರಡು ಥ್ರೆಡ್ ಬಿಡಿ. ಡಿಸ್ಕ್‌ಗೆ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಬಳಸುತ್ತಿದ್ದರೆ, ಬ್ಯಾಕಪ್ ಹಗಲಲ್ಲೂ ನಡೆಯುತ್ತಿದ್ದರೆ ಎರಡು ಕೋರ್. "ಹೋಸ್ಟ್‌ಗೆ ಇಷ್ಟು ಮೀಸಲು" ಎಂದು ಹೇಳುವ ಗುಂಡಿ ಪ್ರಾಕ್ಸ್‌ಮಾಕ್ಸ್‌ನಲ್ಲಿ ಇಲ್ಲ, ಮೀಸಲು ಇರುವುದು ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಮಾತ್ರ. ಆದ್ದರಿಂದಲೇ ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕು.

ಹಂತ 3: ಕೆಲಸದ ಪಟ್ಟಿ ಮಾಡಿ ಕೋರ್ ಕೊಡಿ

ಪ್ರತಿ ವಿಎಂ ಮುಂದೆ ಮೂರು ವಿಷಯ ಬರೆಯಿರಿ: ಏನು ಮಾಡುತ್ತದೆ, ಯಾವ ಹೊತ್ತಿಗೆ ಭಾರ ಬೀಳುತ್ತದೆ, ತಡವಾದರೆ ಯಾರು ಕಾಯುತ್ತಾರೆ. ಮೂರನೆಯದೇ ಮುಖ್ಯ. ಸಿಸಿಟಿವಿ ವಿಎಂ ಇಡೀ ದಿನ ದುಡಿಯುತ್ತದೆ, ಆದರೆ ಹಳೆಯ ರೆಕಾರ್ಡಿಂಗ್ ಹುಡುಕಿ ಕೊಡುವುದು ಎರಡು ಸೆಕೆಂಡ್ ತಡವಾದರೆ ಯಾರಿಗೂ ನಷ್ಟವಿಲ್ಲ. ಕಾಟಾ ವಿಎಂ ದಿನದ ಬಹುಪಾಲು ಸುಮ್ಮನೆ ಕೂತಿರುತ್ತದೆ, ಆದರೆ ಕೆಲಸ ಬಂದಾಗ ಗೇಟಿನಲ್ಲಿ ಡ್ರೈವರ್ ಕಾಯುತ್ತಿರುತ್ತಾನೆ.

ಎಂಟು ಕೋರ್, 16 ಥ್ರೆಡ್‌ನ ಯಂತ್ರಕ್ಕೆ ಒಂದು ಹಂಚಿಕೆ ಹೀಗಿರಬಹುದು. ಲೆಕ್ಕಪತ್ರದ ವಿಂಡೋಸ್ ಸರ್ವರ್‌ಗೆ 4, ಕಾಟಾಗೆ 2, ಸಿಸಿಟಿವಿಗೆ 3, ಫೈಲ್ ಸರ್ವರ್‌ಗೆ 2, ಫೈರ್‌ವಾಲ್‌ಗೆ 2. ಒಟ್ಟು 13 ವಿಸಿಪಿಯು. ಹೋಸ್ಟ್‌ನ ಪಾಲು ಕಳೆದರೆ ಉಳಿದದ್ದು 7 ಕೋರ್, ಅಂದರೆ ಒಂದಕ್ಕೆ ಎರಡರ ಒಳಗೆ ಬಂತು. ಕಚೇರಿ ಕೆಲಸದ ಹಗುರ ವಿಎಂಗಳಾದರೆ ಒಂದು ಕೋರ್‌ಗೆ ಮೂರು-ನಾಲ್ಕು ವಿಸಿಪಿಯು ತನಕ ಎಳೆಯಬಹುದು. ಡೇಟಾಬೇಸ್ ಸದಾ ಓಡುವ ಕಡೆ ಒಂದಕ್ಕೊಂದು ಹತ್ತಿರವೇ ಇರಲಿ.

ಎಲ್ಲ ವಿಎಂಗಳ ಮೊತ್ತ ಹೋಸ್ಟ್‌ನ ಥ್ರೆಡ್ ದಾಟಬಹುದು, ಅದಕ್ಕೆ ತಡೆ ಇಲ್ಲ. ಒಂದೇ ವಿಎಂಗೆ ಹೋಸ್ಟ್‌ನ ಥ್ರೆಡ್ ಎಣಿಕೆಗಿಂತ ಹೆಚ್ಚು ಕೊಟ್ಟರೆ ಮಾತ್ರ ಅದು ಶುರುವಾಗುವುದೇ ಇಲ್ಲ.

ಹಂತ 4: ಸಾಕೆಟ್ ಒಂದೇ ಇರಲಿ, ಕೋರ್ ಏರಲಿ

ಇಲ್ಲಿ ನಿಧಾನಿಸಿ. ವಿಎಂನ ಹಾರ್ಡ್‌ವೇರ್ ಪುಟದಲ್ಲಿ ಪ್ರೊಸೆಸರ್ಸ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕೆಟ್ಸ್, ಕೋರ್ಸ್ ಎಂಬ ಎರಡು ಖಾನೆ ಬರುತ್ತವೆ. ಎರಡರ ಗುಣಲಬ್ಧವೇ ಒಟ್ಟು ವಿಸಿಪಿಯು. ನಾಲ್ಕು ಬೇಕೆಂದರೆ 1 ಸಾಕೆಟ್, 4 ಕೋರ್ ಎಂದೂ ಹಾಕಬಹುದು, 4 ಸಾಕೆಟ್, 1 ಕೋರ್ ಎಂದೂ ಹಾಕಬಹುದು. ಹೋಸ್ಟ್‌ಗೆ ಎರಡೂ ಒಂದೇ. ಒಳಗಿನ ಸಾಫ್ಟ್‌ವೇರ್‌ಗೆ ಒಂದೇ ಅಲ್ಲ.

ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯನ್ನೇ ನೋಡಿ. ನಮ್ಮ ಕಡೆಯ ಬಿಲ್ಲಿಂಗ್ ಮತ್ತು ಕಾಟಾ ಸಾಫ್ಟ್‌ವೇರ್‌ಗಳಲ್ಲಿ ಹಲವು ಇದರ ಮೇಲೆಯೇ ನಿಂತಿವೆ. ಇದರ ಮಿತಿ: ಒಂದು ಸಾಕೆಟ್ ಅಥವಾ ನಾಲ್ಕು ಕೋರ್, ಯಾವುದು ಕಡಿಮೆಯೋ ಅದು. 4 ಸಾಕೆಟ್, 1 ಕೋರ್ ಎಂದು ಹಾಕಿದ ವಿಎಂನಲ್ಲಿ ಅದು ಒಂದು ಸಾಕೆಟ್ ಮಾತ್ರ ಮುಟ್ಟುತ್ತದೆ, ಅಂದರೆ ಒಂದೇ ಕೋರ್. ಉಳಿದ ಮೂರು ಡೇಟಾಬೇಸ್‌ನ ಪಾಲಿಗೆ ಇಲ್ಲದ ಹಾಗೆಯೇ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಮಾತ್ರ ನಾಲ್ಕು ಪ್ರೊಸೆಸರ್ ತೋರಿಸುತ್ತ ಕೂರುತ್ತದೆ, ನೀವು ದಿನಗಟ್ಟಲೆ ಡಿಸ್ಕ್ ಮೇಲೆ, ನೆಟ್‌ವರ್ಕ್ ಮೇಲೆ ಅನುಮಾನ ಪಡುತ್ತೀರಿ. ಅದೇ ವಿಎಂ ಅನ್ನು 1 ಸಾಕೆಟ್, 4 ಕೋರ್ ಎಂದು ತಿದ್ದಿದರೆ ನಾಲ್ಕೂ ಸಿಗುತ್ತವೆ. ನಾಲ್ಕಕ್ಕಿಂತ ಹೆಚ್ಚು ಕೊಟ್ಟರೂ ಎಕ್ಸ್‌ಪ್ರೆಸ್ ಬಳಸುವುದಿಲ್ಲ ಎಂಬುದನ್ನೂ ಗಮನಿಸಿ.

ವಿಂಡೋಸ್ 10 ಮತ್ತು 11ರಲ್ಲೂ ಇಂಥದೇ ಕಟ್ಟು ಇದೆ: ಹೋಮ್ ಆವೃತ್ತಿ ಒಂದು ಸಾಕೆಟ್ ಮಾತ್ರ ಬಳಸುತ್ತದೆ, ಪ್ರೊ ಎರಡು. ಹಾಗಾಗಿ ಬೇರೆ ಕಾರಣ ಇಲ್ಲದಿದ್ದರೆ ಸಾಕೆಟ್ 1 ಎಂದೇ ಬಿಡಿ.

ಬದಲಿಸಿದ ಮೇಲೆ ಇನ್ನೊಂದು ಹಳ್ಳ ಇದೆ, ಬೀಳಬೇಡಿ. ಓಡುತ್ತಿರುವ ವಿಎಂನಲ್ಲಿ ಕೋರ್ ಬದಲಿಸಿದರೆ ಆ ಸಾಲು ಬಣ್ಣ ಬದಲಿಸಿ ಹೊಸ ಅಂಕಿ ಕೆಳಗೆ ಕಾಯುತ್ತ ನಿಲ್ಲುತ್ತದೆ. ವಿಂಡೋಸ್ ಒಳಗಿನಿಂದ ರೀಸ್ಟಾರ್ಟ್ ಕೊಟ್ಟರೆ ಅದು ಜಾರಿಗೆ ಬರುವುದಿಲ್ಲ. ಪ್ರಾಕ್ಸ್‌ಮಾಕ್ಸ್ ಪುಟದಿಂದಲೇ ರೀಬೂಟ್ ಒತ್ತಬೇಕು, ಇಲ್ಲವೇ ವಿಎಂ ಅನ್ನು ಪೂರ್ತಿ ಆರಿಸಿ ಹೊತ್ತಿಸಬೇಕು. "ಕೋರ್ ಕೊಟ್ಟರೂ ಏನೂ ಬದಲಾಗಲಿಲ್ಲ" ಎನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಅದೇ ಪುಟದ ಸಿಪಿಯು ಟೈಪ್ ಖಾನೆಯ ಬಗ್ಗೆ ಎರಡೇ ಮಾತು. ಒಂದೇ ಸರ್ವರ್ ಇದ್ದರೆ ಲಿನಕ್ಸ್ ವಿಎಂಗಳಿಗೆ "ಹೋಸ್ಟ್" ಎಂದು ಇಡಬಹುದು. ಬೇರೆ ಬೇರೆ ಪ್ರೊಸೆಸರ್‌ಗಳ ಎರಡು ಸರ್ವರ್ ನಡುವೆ ವಿಎಂ ಅನ್ನು ಓಡುತ್ತಿರುವಾಗಲೇ ಸಾಗಿಸುವ ಆಸೆ ಇದ್ದರೆ ಮೊದಲೇ ಇರುವ ಸಾಮಾನ್ಯ ಮಾದರಿಯನ್ನೇ ಬಿಡಿ.

ಹಂತ 5: ತೂಕ ಹಾಕಿ, ಕಡಿವಾಣ ಬೇಡ

ಪ್ರೊಸೆಸರ್ಸ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಗುರುತು ಹಾಕಿದರೆ ಸಿಪಿಯು ಯೂನಿಟ್ಸ್ ಎಂಬ ಖಾನೆ ಕಾಣುತ್ತದೆ. ಈಗಿನ ಆವೃತ್ತಿಗಳಲ್ಲಿ ಅದರ ಸಹಜ ಬೆಲೆ 100. ಇದು ತೂಕ. ಕೋರ್‌ಗಳು ಖಾಲಿ ಇದ್ದಾಗ ಇದಕ್ಕೆ ಅರ್ಥವಿಲ್ಲ, ಎರಡು ವಿಎಂ ಒಂದೇ ಕೋರ್‌ಗೆ ಕಿತ್ತಾಡಿದಾಗ ಯಾರ ಪಾಲು ಎಷ್ಟು ಎಂದು ಇದು ತೀರ್ಮಾನಿಸುತ್ತದೆ. ಕಾಟಾಗೆ 400, ಲೆಕ್ಕಪತ್ರಕ್ಕೆ 200, ಫೈರ್‌ವಾಲ್‌ಗೆ 200, ಫೈಲ್ ಸರ್ವರ್ 100, ಸಿಸಿಟಿವಿ 50. ನಮ್ಮ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ಖಾನೆ ಇದೇ.

ತೂಕ ಇಡೀ ವಿಎಂಗೆ ಸೇರಿದ್ದು, ಒಂದೊಂದು ವಿಸಿಪಿಯುಗೆ ಅಲ್ಲ. ಇಬ್ಬರಿಗೂ 100 ಇದ್ದರೆ ನಾಲ್ಕು ಕೋರ್‌ನ ವಿಎಂಗೂ ಎರಡು ಕೋರ್‌ನ ವಿಎಂಗೂ ಜಗ್ಗಾಟದಲ್ಲಿ ಒಟ್ಟು ಪಾಲು ಹೆಚ್ಚುಕಡಿಮೆ ಸಮವೇ.

ಪಕ್ಕದ ಸಿಪಿಯು ಲಿಮಿಟ್ ಬೇರೆಯದು. 2 ಎಂದು ಹಾಕಿದರೆ ಎರಡು ಕೋರ್‌ನಷ್ಟು ಸಮಯ ಮುಗಿದೊಡನೆ, ಯಂತ್ರ ಖಾಲಿ ಇದ್ದರೂ, ಆ ವಿಎಂ ನಿಲ್ಲಬೇಕು. ಲೆಕ್ಕ ನಡೆಯುವುದು 100 ಮಿಲಿಸೆಕೆಂಡ್‌ಗಳ ತುಂಡುಗಳಲ್ಲಿ. ನಾಲ್ಕು ವಿಸಿಪಿಯು ಒಟ್ಟಿಗೆ ದುಡಿದರೆ 50 ಮಿಲಿಸೆಕೆಂಡ್‌ನಲ್ಲೇ ಪಾಲು ತೀರಿ, ಉಳಿದ 50 ಮಿಲಿಸೆಕೆಂಡ್ ಇಡೀ ವಿಎಂ ಸ್ತಬ್ಧ. ನೆಟ್‌ವರ್ಕ್ ಫೋನ್ ಕರೆ ಕಡಿದು ಕಡಿದು ಕೇಳುವುದು, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಮೌಸ್ ಜಿಗಿಯುವುದು ಇದರಿಂದ. ನಾಲ್ಕು ಕೋರ್ ಕೊಟ್ಟು ಎರಡಕ್ಕೆ ಕಡಿವಾಣ ಹಾಕುವ ಬದಲು ಎರಡೇ ಕೋರ್ ಕೊಡಿ.

ಹಂತ 6: ಎರಡು ಸಾಕೆಟ್‌ನ ಹಳೆಯ ಸರ್ವರ್ ಇದ್ದರೆ

ಒಂದೇ ಪ್ರೊಸೆಸರ್ ಇರುವವರು ಇದನ್ನು ಬಿಟ್ಟು ಮುಂದೆ ಹೋಗಿ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಿಂದ ತಂದ ಸರ್ವರ್‌ಗಳಲ್ಲಿ ಎರಡು ಝಿಯಾನ್ ಪ್ರೊಸೆಸರ್ ಇರುವುದು ಸಾಮಾನ್ಯ. ಇ5-2680 ವಿ4 ಆದರೆ ಪ್ರತಿಯೊಂದರಲ್ಲಿ 14 ಕೋರ್, ಒಟ್ಟು 28 ಕೋರ್, 56 ಥ್ರೆಡ್. ರ‍್ಯಾಮ್ ಕೂಡ ಅರ್ಧರ್ಧ: ಪ್ರತಿ ಪ್ರೊಸೆಸರ್‌ಗೆ ತನ್ನ ಪಕ್ಕದ ಸ್ಲಾಟ್‌ಗಳ ರ‍್ಯಾಮ್ ಹತ್ತಿರ, ಆಚೆಯದು ದೂರ. ಇದೇ ನುಮಾ ನೋಡ್. ನಿಯಮ ಒಂದೇ: ವಿಎಂನ ಕೋರ್ ಮತ್ತು ರ‍್ಯಾಮ್ ಎರಡೂ ಒಂದೇ ನೋಡ್‌ನಲ್ಲಿ ಹಿಡಿಯುವಂತಿರಲಿ. 128 ಜಿಬಿ ಯಂತ್ರದಲ್ಲಿ ಒಂದು ವಿಎಂಗೆ 80 ಜಿಬಿ ಕೊಟ್ಟರೆ, ಕೋರ್ ನಾಲ್ಕೇ ಇದ್ದರೂ, ಅದರ ಒಂದು ಭಾಗ ಆಚೆ ನೋಡ್‌ಗೆ ಹೋಗುತ್ತದೆ. ಅಷ್ಟು ದೊಡ್ಡ ವಿಎಂ ಬೇಕೇ ಬೇಕೆಂದರೆ ಎನೇಬಲ್ ನುಮಾ ಗುರುತು ಹಾಕಿ ಸಾಕೆಟ್ 2 ಮಾಡಿ. ಸಾಕೆಟ್ ಒಂದೇ ಇರಲಿ ಎಂದ 4ನೇ ಹಂತದ ಮಾತಿಗೆ ಇದು ವಿನಾಯಿತಿ.

ಹಂತ 7: ಪಿನ್ನಿಂಗ್, ಬೇಕಾದರೆ ಮಾತ್ರ

ಪ್ರಾಕ್ಸ್‌ಮಾಕ್ಸ್ 7.3ರಿಂದ ಪಿನ್ ಮಾಡುವ ಸಿಪಿಯು ಅಫಿನಿಟಿ ಖಾನೆ ವೆಬ್ ಪುಟದಲ್ಲೇ ಸಿಗುತ್ತದೆ. 4-7 ಎಂದು ಬರೆದರೆ ಆ ವಿಎಂ ಆ ನಾಲ್ಕು ಥ್ರೆಡ್ ಬಿಟ್ಟು ಆಚೆ ಹೋಗುವುದಿಲ್ಲ. ಇದರ ಬಗ್ಗೆ ಮೂರು ತಪ್ಪು ತಿಳಿವಳಿಕೆ ಇವೆ.

ಒಂದು, ಪಿನ್ ಮಾಡಿದರೆ ಆ ಕೋರ್ ನನಗೇ ಮೀಸಲು ಎನ್ನುವುದು. ಅಲ್ಲ. ವಿಎಂ ಆಚೆ ಹೋಗುವುದಿಲ್ಲ ಅಷ್ಟೇ, ಬೇರೆಯವು ಒಳಗೆ ಬರುತ್ತವೆ. ಕಾಟಾಗೆ 4-5 ಕೊಟ್ಟು ಉಳಿದವುಗಳ ಖಾನೆ ಖಾಲಿ ಬಿಟ್ಟರೆ ಸಿಸಿಟಿವಿ ಬಂದು 4 ಮತ್ತು 5ರ ಮೇಲೆಯೇ ಕೂರಬಹುದು, ಕಾಟಾ ಆಗ ಪಕ್ಕದ ಖಾಲಿ ಕೋರ್‌ಗೆ ಜಾರಲೂ ಆಗದು. ಪಿನ್ ಮಾಡುವುದಾದರೆ ಎಲ್ಲ ವಿಎಂಗಳಿಗೂ ಮಾಡಿ.

ಎರಡು, ಒಂದು ವಿಸಿಪಿಯುಗೆ ಒಂದು ಕೋರ್ ಅಂಟಿಕೊಳ್ಳುತ್ತದೆ ಎನ್ನುವುದು. ಈ ಖಾನೆ ಇಡೀ ವಿಎಂಗೆ ಒಂದು ಬೇಲಿ ಹಾಕುತ್ತದೆ, ಬೇಲಿಯೊಳಗೆ ವಿಸಿಪಿಯುಗಳು ಅಡ್ಡಾಡುತ್ತಿರುತ್ತವೆ.

ಮೂರು, ಅಂಕಿಗಳು ಸಾಲಾಗಿ ಇರುತ್ತವೆ ಎನ್ನುವುದು. ಎಂಟು ಕೋರ್ ಸರ್ವರ್‌ನಲ್ಲಿ ಸಾಮಾನ್ಯವಾಗಿ 0 ಮತ್ತು 8 ಒಂದೇ ಕೋರ್‌ನ ಜೋಡಿ ಥ್ರೆಡ್, 1 ಮತ್ತು 9 ಇನ್ನೊಂದರವು. ಮೇಲೆ ಹೇಳಿದ ಐ5-13500 ಜಾತಿಯವುಗಳಲ್ಲಿ 0 ಮತ್ತು 1 ಜೋಡಿ. ಕೆಲವು ಎರಡು ಸಾಕೆಟ್ ಸರ್ವರ್‌ಗಳಲ್ಲಿ ಸಮಸಂಖ್ಯೆಗಳೆಲ್ಲ ಒಂದು ಪ್ರೊಸೆಸರ್‌ಗೆ, ಬೆಸಸಂಖ್ಯೆಗಳೆಲ್ಲ ಇನ್ನೊಂದಕ್ಕೆ. ಅಲ್ಲಿ 0-7 ಎಂದು ಬರೆದವರು ವಿಎಂ ಅನ್ನು ಒಂದು ನೋಡ್‌ನಲ್ಲಿ ಇಟ್ಟೆವು ಎಂದುಕೊಂಡು ಎರಡಕ್ಕೂ ಹರಿದಿಟ್ಟಿರುತ್ತಾರೆ. ಎಲ್‌ಎಸ್‌ಸಿಪಿಯು ಮುಂದೆ ಹೈಫನ್ ಇ ಸೇರಿಸಿ (lscpu -e) ಕೊಟ್ಟರೆ ಯಾವ ಅಂಕಿ ಯಾವ ಕೋರ್, ಯಾವ ನೋಡ್ ಎಂದು ಪಟ್ಟಿ ಬರುತ್ತದೆ. ಅದನ್ನು ಮುಂದಿಟ್ಟುಕೊಳ್ಳದೆ ಈ ಖಾನೆಯಲ್ಲಿ ಒಂದು ಅಂಕಿಯೂ ಬರೆಯಬೇಡಿ.

ಹೋಸ್ಟ್‌ಗೆ ನಿಜವಾಗಿ ಒಂದು ಕೋರ್ ಬಿಡಬೇಕೆಂದರೂ ದಾರಿ ಇದೇ: ಎಲ್ಲ ವಿಎಂಗಳ ಅಫಿನಿಟಿಯಿಂದ 0 ಮತ್ತು 8 ಅನ್ನು ಹೊರಗಿಡಿ.

ಹಂತ 8: ಅಳೆಯಿರಿ, ಆಮೇಲೆ ಏರಿಸಿ

ಕನಿಷ್ಠ ಒಂದು ವಾರ, ಅದರಲ್ಲೂ ಭಾರದ ಎರಡು ದಿನ ಸೇರುವಂತೆ ನೋಡಿ.

ಲಿನಕ್ಸ್ ವಿಎಂ ಒಳಗೆ ಟಾಪ್ (top) ಆದೇಶ ಕೊಟ್ಟರೆ ಸಿಪಿಯು ಸಾಲಿನ ಕೊನೆಯಲ್ಲಿ ಎಸ್‌ಟಿ (st) ಎಂಬ ಅಂಕಿ ಇರುತ್ತದೆ. ನನಗೆ ಕೆಲಸ ಇತ್ತು, ಹೋಸ್ಟ್ ಕೋರ್ ಕೊಡಲಿಲ್ಲ ಎಂಬ ಹೊತ್ತಿನ ಲೆಕ್ಕ ಅದು. ಒಂದೆರಡು ಶೇಕಡಾ ಇದ್ದರೆ ಚಿಂತೆ ಇಲ್ಲ. 5 ದಾಟಿ ನಿಂತರೆ ಹಂಚಿಕೆ ಬಿಗಿಯಾಗಿದೆ. 10 ದಾಟಿದರೆ ಜನ ದೂರು ಹೇಳಲು ಶುರು ಮಾಡಿರುತ್ತಾರೆ. ಆಗ ಆ ವಿಎಂಗೆ ಕೋರ್ ಸೇರಿಸುವುದು ಪರಿಹಾರವಲ್ಲ, ಬೇರೆ ವಿಎಂಗಳಿಂದ ಕಿತ್ತುಕೊಳ್ಳಬೇಕು. ಪ್ರಾಕ್ಸ್‌ಮಾಕ್ಸ್ 9ರಲ್ಲಿ ಕೋರ್‌ಗಾಗಿ ಕಾದ ಹೊತ್ತು ತೋರಿಸುವ ಸಿಪಿಯು ಪ್ರೆಶರ್ ನಕ್ಷೆಯೂ ಇದೆ, ವಿಂಡೋಸ್ ವಿಎಂಗಳಿಗೆ ಅದೇ ಆಧಾರ.

ಇಎಸ್‌ಎಕ್ಸ್‌ಐನಲ್ಲಿ ಇದಕ್ಕೆ ಸಿಪಿಯು ರೆಡಿ ಎಂಬ ಹೆಸರು. ರಿಯಲ್‌ಟೈಮ್ ನಕ್ಷೆಯಲ್ಲಿ ಅದು ಮಿಲಿಸೆಕೆಂಡ್‌ನಲ್ಲಿ ಬರುತ್ತದೆ, ಪ್ರತಿ ಬಿಂದು 20 ಸೆಕೆಂಡ್‌ಗೆ ಸೇರಿದ್ದು. 1000 ಎಂದರೆ ಶೇಕಡಾ 5. ಇಡೀ ವಿಎಂನ ಅಂಕಿಯಾಗಿದ್ದರೆ ವಿಸಿಪಿಯು ಸಂಖ್ಯೆಯಿಂದ ಭಾಗಿಸಲು ಮರೆಯಬೇಡಿ.

ಇನ್ನು ಕಣ್ಣಿಗೆ ಮಣ್ಣೆರಚುವ ಒಂದು ಅಂಕಿ. ನಾಲ್ಕು ಕೋರ್ ವಿಎಂನ ನಕ್ಷೆ ಶೇಕಡಾ 25ಕ್ಕೆ ಏರಿ ಅಲ್ಲೇ ಗೆರೆ ಎಳೆದಂತೆ ನಿಂತರೆ, ಒಳಗಿನ ಪ್ರೋಗ್ರಾಂ ಒಂದೇ ಥ್ರೆಡ್‌ನಲ್ಲಿ ದುಡಿಯುತ್ತಿದೆ ಎಂದರ್ಥ: ಒಂದು ಕೋರ್ ಪೂರ್ತಿ ತುಂಬಿದೆ, ಮೂರು ಖಾಲಿ. ಎಂಟು ಕೋರ್ ಕೊಟ್ಟು ನೋಡಿ, ಗೆರೆ 12.5ಕ್ಕೆ ಇಳಿಯುತ್ತದೆ. "ಲೋಡ್ ಅರ್ಧ ಆಯಿತು" ಎಂದು ಖುಷಿಪಡುವವರಿದ್ದಾರೆ. ವರದಿ ತೆಗೆಯಲು ಹಿಡಿಯುವ ಸಮಯ ಒಂದು ಸೆಕೆಂಡೂ ಇಳಿದಿರುವುದಿಲ್ಲ. ಇಂಥ ಪ್ರೋಗ್ರಾಂಗೆ ಬೇಕಾದ್ದು ವೇಗದ ಕೋರ್. ಬಯೋಸ್‌ನಲ್ಲಿ ಪವರ್ ಪ್ರೊಫೈಲ್ ಉಳಿತಾಯದಲ್ಲಿದ್ದರೆ ಪರ್ಫಾರ್ಮೆನ್ಸ್‌ಗೆ ತಿರುಗಿಸಿ.

ಕೋರ್ ಮುಟ್ಟುವ ಮೊದಲು ಹೋಸ್ಟ್‌ನ ಸಾರಾಂಶ ಪುಟದಲ್ಲಿ ಐಒ ಡಿಲೇ (ಡಿಸ್ಕ್‌ಗಾಗಿ ಕಾದ ಹೊತ್ತಿನ ಶೇಕಡಾ) ನೋಡಿ. ಸಿಪಿಯು ಬಳಕೆ 20ರ ಆಸುಪಾಸು, ಐಒ ಡಿಲೇ ಮಾತ್ರ ಎರಡಂಕಿಯಲ್ಲಿ ಕುಣಿಯುತ್ತಿದ್ದರೆ ತಪ್ಪು ಡಿಸ್ಕ್‌ನದು. ಲೋಡ್ ಆವರೇಜ್ (ಸರದಿಯಲ್ಲಿರುವ ಕೆಲಸಗಳ ಸರಾಸರಿ) ಏರಿದೆ ಎಂದು ಕೋರ್ ಸೇರಿಸಬೇಡಿ, ಲಿನಕ್ಸ್‌ನಲ್ಲಿ ಡಿಸ್ಕ್‌ಗೆ ಕಾಯುವವರೂ ಆ ಲೆಕ್ಕದಲ್ಲಿ ಸೇರುತ್ತಾರೆ. ಸಿಸಿಟಿವಿ ರೆಕಾರ್ಡಿಂಗ್ ಮತ್ತು ಲೆಕ್ಕಪತ್ರದ ಡೇಟಾಬೇಸ್ ಒಂದೇ ತಿರುಗುವ ಹಾರ್ಡ್‌ಡಿಸ್ಕ್ ಮೇಲಿದ್ದರೆ ಎಷ್ಟು ಕೋರ್ ಸುರಿದರೂ ಅಷ್ಟೇ.

ಒಂದು ಸಲಕ್ಕೆ ಒಂದೇ ವಿಎಂ, ಒಂದೇ ಬದಲಾವಣೆ, ಒಂದೋ ಎರಡೋ ಕೋರ್. ವಿಎಂನ ನೋಟ್ಸ್ ಜಾಗದಲ್ಲಿ ದಿನಾಂಕ, ಹಳೆಯ ಅಂಕಿ, ಹೊಸ ಅಂಕಿ ಬರೆದಿಡಿ.

ಹಂತ 9: ಮಧ್ಯಾಹ್ನ ಮಾತ್ರ ನಿಧಾನವಾದರೆ

ಬೆಳಿಗ್ಗೆ ಹತ್ತಕ್ಕೆ ಸರಿ, ಮಧ್ಯಾಹ್ನ ಎರಡರಿಂದ ನಾಲ್ಕು ಎಳೆದಾಟ, ಸಂಜೆ ಮತ್ತೆ ಸರಿ, ಕೆಲಸದ ಭಾರ ಮಾತ್ರ ಎಲ್ಲ ಹೊತ್ತೂ ಒಂದೇ. ಇದು ಹಂಚಿಕೆಯ ದೋಷವಲ್ಲ, ಬಿಸಿಲಿನದು. ಏಪ್ರಿಲ್-ಮೇನಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಬಹುತೇಕ ಸರ್ವರ್‌ಗಳನ್ನು ಮಾಡಿರುವುದು 35 ಡಿಗ್ರಿ ತನಕದ ಕೋಣೆಗೆ. ಬಿಸಿಯಾದ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ. ಕೋರ್ ಎಣಿಕೆ ಅಷ್ಟೇ ಇರುತ್ತದೆ, ಪ್ರತಿ ಕೋರ್ ಮಾಡುವ ಕೆಲಸ ಕಡಿಮೆಯಾಗುತ್ತದೆ, ಎಸ್‌ಟಿ ಅಂಕಿಯೂ ಏರುತ್ತದೆ, ನೋಡುವವರಿಗೆ ಕೋರ್ ಸಾಲದೆ ಬಂದ ತೊಂದರೆಯಂತೆಯೇ ಕಾಣುತ್ತದೆ.

ಎರಡು ಗಂಟೆಗೆ ಹೋಸ್ಟ್‌ನಲ್ಲಿ ಸೆನ್ಸರ್ಸ್ (sensors) ಆದೇಶದಿಂದ ತಾಪವನ್ನೂ, ಎಲ್‌ಎಸ್‌ಸಿಪಿಯು ಪಟ್ಟಿಯಿಂದ ಕೋರ್‌ಗಳ ವೇಗವನ್ನೂ ಬರೆದುಕೊಳ್ಳಿ, ಬೆಳಗಿನ ಏಳು ಗಂಟೆಯದರ ಜೊತೆ ಹೋಲಿಸಿ. ತುಂಬು ಭಾರದಲ್ಲೂ ವೇಗ ಪ್ರೊಸೆಸರ್‌ನ ಮೂಲ ವೇಗಕ್ಕಿಂತ ಕೆಳಗಿದ್ದರೆ ಸರ್ವರ್ ಆರಿಸಿ ಮುಚ್ಚಳ ತೆಗೆಯಿರಿ. ಮಿಲ್ಲಿನಲ್ಲಿ ತೌಡಿನ ಧೂಳು ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕೆನೆಯಂತೆ ಕಟ್ಟಿರುತ್ತದೆ, ಜೀನ್ಸ್ ಘಟಕದಲ್ಲಿ ಅದರ ಜಾಗದಲ್ಲಿ ನೀಲಿ ನೂಲಿನ ಜೂಲು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿಯಿರಿ, ಗಾಳಿಯ ರಭಸಕ್ಕೆ ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.